ಎಡತೋಳಿನ ಅಚ್ಚು

ಅಚ್ಚುಚಿತ್ರ ಕಲಿಸುವ ಸಂಜೆ ತರಗತಿಯ ಮೇಷ್ಟ್ರು, ಅಲ್ಲಿಗೆ ಬರುತ್ತಿದ್ದ ಟೈಪಿಸ್ಟ್ ಒಬ್ಬಳ ಅಚ್ಚುಗಳಿಗೆ ಮೂಗು ತಾಗಿಸಿ ನೋಡಿ, ಬಣ್ಣ ಇದೆ, ಆಳ ಇಲ್ಲ ಎನ್ನುತ್ತಿದ್ದರು. ಅವಳು ರಟ್ಟಿನ ಮೇಲೆ ಮರಳು ಅಂಟಿಸಿದಳು, ಗೋಣಿದಾರ ಅಂಟಿಸಿದಳು, ಬಾಚಣಿಗೆಯ ಹಲ್ಲನ್ನೂ ಬಿಡಲಿಲ್ಲ. ವಾರ್ನಿಷ್ ಬಳಿದು, ಸಂದುಗಳಿಗೆ ಶಾಯಿ ತುಂಬಿ, ಒದ್ದೆ ಕಾಗದ ಹಾಸಿ ರೋಲರಿನಡಿ ತೂರಿಸಿದರೆ ಬರುತ್ತಿದ್ದುದು ಥಂಡಿ ಹಿಡಿದ ಗೋಡೆಯಂಥದ್ದೇನೋ.

ಕೊನೆಗೆ ಗಂಡನ ಸ್ವೆಟರಿಗೆ ಕತ್ತರಿ ಹಾಕಿದಳು. ಅವನಿಗದು ಬಿಗಿಯಾಗಿ ಬೀರುವಿನ ತಳ ಸೇರಿತ್ತು, ನಿಜ. ಆದರೆ ಹೆಣೆದವರು ಅವನ ಅಕ್ಕ. ಅತ್ತಿಗೆಯ ಹೆಣಿಗೆ ಎಂದರೆ ಮನೆಮಂದಿಯೆಲ್ಲ ತಲೆಬಾಗುವ ವಿಷಯ. ಬೇರೆಯವರ ಹೆಣಿಗೆಯಲ್ಲಿ ಜಾರಿದ ಕುಣಿಕೆಯನ್ನು ಅವರು ಬಸ್ಸಿನ ಕಿಟಕಿಯಿಂದಲೇ ಹಿಡಿಯುತ್ತಿದ್ದರು. ಅವಳು ಎಡತೋಳನ್ನು ಸೀಳಿ ರಟ್ಟಿಗೆ ಅಂಟಿಸಿದಳು. ಅಚ್ಚು ತೆಗೆದಾಗ ಮೇಷ್ಟ್ರು ಕಾಗದದ ಮೇಲೆ ಬೆರಳಾಡಿಸಿದರು. ನಡುವೆ ಜಡೆಯಂಥ ಉದ್ದ ತಗ್ಗು, ಪಕ್ಕದಲ್ಲೇ ಒಂದು ಕಡೆ ಎಳೆ ಜಾರಿದ ಗುರುತಾಗಿ ಕಪ್ಪು ಉಬ್ಬು. ಇದನ್ನು ಪ್ರದರ್ಶನಕ್ಕೆ ಹಾಕೋಣ ಎಂದರು.

ಅವಳಿಗೆ ಖುಷಿಗಿಂತ ಹೆದರಿಕೆ ಜಾಸ್ತಿಯಾಯಿತು. ಅತ್ತಿಗೆಗೆ ಗೊತ್ತಾದರೆ ಈ ಜನ್ಮಕ್ಕೆ ಮಾತು ಮುಗಿಯಿತು. ಸ್ವೆಟರಿನ ಸುದ್ದಿ ಗಂಡನಿಂದಲೂ ಮುಚ್ಚಿಟ್ಟು, ಪ್ರದರ್ಶನದ ವಿಷಯ ಯಾರಿಗೂ ಹೇಳಬೇಡಿ ಎಂದಷ್ಟೇ ಅವನಿಗೆ ಹೇಳಿದ್ದಳು. ಅವನು ಅಕ್ಕನಿಗೆ ಮಾತ್ರ ಹೇಳಿದ್ದ.

ಅತ್ತಿಗೆ ಬಂದರು. ಉಳಿದ ಚಿತ್ರಗಳ ಮುಂದೆ ಚಪ್ಪಲಿ ನಿಲ್ಲಿಸದೆ ನಡೆದವರು ಇದರೆದುರು ನಿಂತೇಬಿಟ್ಟರು. ಕನ್ನಡಕ ಹಾಕಿದರು, ತೆಗೆದರು.

"ನನ್ನ ಹೆಣಿಗೆ ಥರಾನೇ ಇದೆಯಲ್ಲೇ."

"ಎಲ್ಲ ಹೆಣಿಗೇನೂ ಹಾಗೇ ಇರುತ್ತಲ್ವಾ ಅತ್ತಿಗೆ," ಎಂದಳು ಅವಳು.

ಅತ್ತಿಗೆ ಜಾರಿದ ಎಳೆಯ ಕಡೆ ಬಗ್ಗಿ, ಜಡೆಯ ಯಾವ ಪಕ್ಕಕ್ಕಿದೆ ಎಂದು ನೋಡಿ, ಬಲಕ್ಕಿದೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಮುಖ ಸಡಿಲವಾಯಿತು. ಅವಳಿಗೂ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಮೇಷ್ಟ್ರು ಧಾವಿಸಿ ಬಂದರು. ಇಷ್ಟು ಹೊತ್ತು ಚಿತ್ರ ನೋಡುವ ಪ್ರೇಕ್ಷಕರು ಅವರಿಗೆ ಸಿಕ್ಕಿದ್ದೇ ಅಪರೂಪ.

"ಒಂದು ವಿಷಯ ಗಮನಿಸಿ ಮೇಡಂ. ಅಚ್ಚಿನಲ್ಲಿ ಎಲ್ಲ ಉಲ್ಟಾ. ಉಬ್ಬಿದ್ದು ತಗ್ಗಾಗುತ್ತೆ, ಎಡಗಡೆ ಇದ್ದದ್ದು ಬಲಕ್ಕೆ ಬರುತ್ತೆ."

ಈ ಚಿತ್ರದ ಆಳವೆಲ್ಲ ಆ ಜಾರಿದ ಎಳೆಯಲ್ಲೇ ಇದೆ ಎಂದೂ ಸೇರಿಸಿ, ಖುಷಿಯಾಗಿ ಮುಂದಿನ ಗುಂಪಿನತ್ತ ಹೋದರು.

ಅತ್ತಿಗೆ ಅವಳ ಮೊಣಕೈ ಹಿಡಿದು ಮೂಲೆಗೆ ಎಳೆದರು. ಬೈಗುಳಕ್ಕೆ ಅವಳು ತಲೆ ತಗ್ಗಿಸಿ ನಿಂತಳು.

"ಜಡೆಯ ಎಡಕ್ಕಿದ್ದ ನನ್ನ ಆ ತಪ್ಪು ಯಾರಿಗೂ ಕಾಣಬಾರದು ಅಂತ ತೋಳು ಮಡಚಿ ಹಾಕ್ಕೊಳ್ಳೋದನ್ನ ಅವನಿಗೆ ಅಭ್ಯಾಸ ಮಾಡಿಸಿದ್ದೆ ಕಣೇ. ನೀನು ಗಾಜು ಹಾಕಿ ಗೋಡೆಗೆ ತೂಗುಹಾಕಿದ್ದೀಯ." ಸುತ್ತ ನೋಡಿದರು. "ಬಲತೋಳು ಇದೆಯಾ?"

"ಇದೆ."

"ಅದು ಸರಿಯಾಗಿದೆ. ಅದನ್ನ ಅಚ್ಚು ಹಾಕಿ ಇದರ ಜಾಗದಲ್ಲಿಡು."

"ಆಮೇಲೆ ಇವರು ಸ್ವೆಟರ್ ಕೇಳಿದ್ರೆ?"

"ನುಸಿ ತಿಂತು ಅಂತ ನಾನೇ ಹೇಳ್ತೀನಿ," ಎಂದು ಅತ್ತಿಗೆ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಸುಳ್ಳೇನಲ್ಲ. ಮದುವೆ ಮಾಡಿ ನಾವೇ ತಂದ ನುಸಿ."