ಬರೆಯದೆ ಬಿಟ್ಟ ಅತಿಥಿ

ಸಾದೇವ ಜೈಲಿನಿಂದ ಬಿಡುಗಡೆಯಾಗಲು ಆರು ದಿನ ಉಳಿದಿರುವಾಗ ಸರ್ಕಾರದ ಹುಡುಗ ಮತ್ತೆ ನಮ್ಮ ಮನೆಗೆ ಬಂದ. ಹೆಸರು ಲಿಂತಾಂಗ್. ಉಗ್ರವಾದ ತಡೆಯುವ ಇಲಾಖೆಯವನು. ಎಲ್ಲಿಗೆ ಹೋದರೂ ಮೈಕು ಮತ್ತು ಸ್ಪೀಕರಿನ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಂಡು ಬರುತ್ತಾನೆ. ಐವತ್ತು ಮನೆಯ ಬೀದಿಯಲ್ಲಿ ಮಾತಾಡಲು ಮೈಕು ಯಾಕೆ ಬೇಕೋ ನನಗಂತೂ ಗೊತ್ತಿಲ್ಲ. ಜಾವಾದ ನಮ್ಮ ರೂಢಿಯಂತೆ ನನ್ನನ್ನು ಬು, ಅಂದರೆ ಅಮ್ಮ, ಅಂತಾನೆ.

"ಬು ವುರ್ಯಾನಿ, ಒಂದು ಕಾಗದ ಬೇಕಾಗಿತ್ತು. ಬೀದಿಯವರು ಸಾದೇವನನ್ನ ಸೇರಿಸ್ಕೊಳ್ತೀವಿ ಅಂತ. ಮನೆಗೊಂದು ಸಹಿ, ಕೆಳಗೆ ನಿಮ್ಮ ಸಹಿ, ಮುದ್ರೆ."

"ಕೊಡ್ಲಿಲ್ಲ ಅಂದ್ರೆ?"

"ಅವನ ಹಳೇ ಗುಂಪಿನವರು ಒಂದು ವಿಳಾಸ ಕೊಟ್ಟಿದ್ದಾರೆ. ರೂಮು, ಕೆಲಸ, ಮೊಬೈಲು ಎಲ್ಲ ರೆಡಿ. ಅವರ ಮೇಲೆ ಯಾವ ಕೇಸೂ ಇಲ್ಲ, ನಾವು ತಡೆಯೋಕಾಗಲ್ಲ. ಗುರುವಾರ ಬೆಳಿಗ್ಗೆ ಜೈಲಿನ ಗೇಟಿಗೆ ನಮಗಿಂತ ಮುಂಚೆ ಅವರ ಕಾರು ಬಂದಿರತ್ತೆ. ನೀವು ಬೇಡ ಅಂದ್ರೆ ಅದನ್ನ ಹತ್ತಿ ಹೋಗ್ತಾನೆ. ಹೋದ್ರೆ ಮುಗೀತು, ಬು."

ಟೀ ಕುಡಿದು ಎದ್ದು ಹೋದ. ಭಾನುವಾರ ಸಂಜೆ ಸಭೆ ಕರೆಯುವುದಾಗಿ ನಾನು ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿ ಇರಲಿಲ್ಲ, ಬೀದಿಯ ಮುಖ್ಯಸ್ಥೆ ನಾನೇ. ಶಾಲೆಯಿಂದ ನಿವೃತ್ತಳಾದ ವರ್ಷವೇ ಎಲ್ಲರೂ ಸೇರಿ ಮುದ್ರೆಯನ್ನು ನನ್ನ ಕೈಗೆ ಕೊಟ್ಟಿದ್ದರು. ಯಾರ ಮನೆಗೆ ಯಾರು ಬಂದು ತಂಗಿದರೂ ಒಂದು ದಿನದೊಳಗೆ ನನಗೆ ತಿಳಿಸಬೇಕು, ನಾನು ಅತಿಥಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಜಾವಾದ ಯಾವ ಬೀದಿಯಲ್ಲಾದರೂ ಇದೇ ನಿಯಮ. ಆ ಒಂದು ಕೆಲಸದಲ್ಲೇ ನಾನು ತಪ್ಪಿದ್ದು.

ನಾಲ್ಕು ವರ್ಷದ ಹಿಂದೆ ಹಿಲ್ಮಾನ್ ಎಂಬ ವೈದ್ಯ ನಮ್ಮ ಬೀದಿಗೆ ಬಂದ. ಬೆನ್ನಿಗೆ ಗಾಜಿನ ಬಟ್ಟಲು ಹಚ್ಚಿ ನೋವು ತೆಗೆಯುತ್ತಿದ್ದ. ವಿಧವೆ ತುಮಿರಾಹ್ ತನ್ನ ಹಿತ್ತಿಲ ಕೋಣೆಯನ್ನು ಅವನಿಗೆ ಬಾಡಿಗೆಗೆ ಕೊಟ್ಟಳು. ಅವಳು ಅಕ್ಕಿ ಹಪ್ಪಳ ಒಣಗಿಸಿ ಮಾರುವವಳು, ಬಾಡಿಗೆ ಬಂದರೆ ಯಾರಿಗೆ ಬೇಡ? ಹಿಲ್ಮಾನ್ ಬಂದ ದಿನವೇ ನನ್ನ ಹಿಡಿದುಕೊಂಡಿದ್ದ ಭುಜವನ್ನು ಬಿಡಿಸಿದ, ಒಂದು ಪೈಸೆ ಮುಟ್ಟಲಿಲ್ಲ. ಮರುದಿನ ತುಮಿರಾಹ್ ಅವನ ಗುರುತಿನ ಚೀಟಿಯ ಜೆರಾಕ್ಸ್ ಹಿಡಿದುಕೊಂಡು ಬಂದಳು, ಹದಿನೆಂಟರ ಮಗ ಸಾದೇವನೂ ಜೊತೆಗಿದ್ದ. ನಾನು ನಕ್ಕು, "ಅಯ್ಯೋ, ಇಟ್ಕೊಳ್ಳಿ. ಅಂಥ ಮನುಷ್ಯನ ಚೀಟಿ ಪರೀಕ್ಷೆ ಮಾಡಿದ್ರೆ ಏನಂದ್ಕೊಂಡಾನು," ಅಂದೆ. ಪುಸ್ತಕದಲ್ಲಿ ಬರೆಯಲೂ ಇಲ್ಲ. ನಮಗೆ ಜಾವಾದವರಿಗೆ ಸಂಕೋಚ ಅನ್ನುವುದು ದೊಡ್ಡ ರೋಗ, ಅದಕ್ಕೆ ಯಾವ ಬಟ್ಟಲೂ ನಾಟುವುದಿಲ್ಲ.

ಆರು ತಿಂಗಳಲ್ಲಿ ಹಿಲ್ಮಾನ್ ಆ ಹುಡುಗನನ್ನು ತನ್ನವನನ್ನಾಗಿ ಮಾಡಿಕೊಂಡ. ಹುಡುಗನ ತೀರಿಹೋದ ಅಪ್ಪ ತೊಗಲುಗೊಂಬೆಯಾಟದ ಮದ್ದಳೆಗಾರ. ಪಾಂಡವರಲ್ಲಿ ಕಿರಿಯವನಾದ ಸಹದೇವನ, ನಮ್ಮ ಬಾಯಲ್ಲಿ ಸಾದೇವನ, ಹೆಸರನ್ನು ಆಸೆಯಿಂದ ಮಗನಿಗೆ ಇಟ್ಟಿದ್ದ. ಅದು ವಿಗ್ರಹ ಪೂಜಿಸುವವರ ಹೆಸರು ಅಂತ ಹಿಲ್ಮಾನ್ ಅದನ್ನೂ ಬದಲಾಯಿಸಿದ. ಒಂದು ದಿನ ವೈದ್ಯ ಮಾಯವಾದ, ಪೊಲೀಸರು ಬಂದರು, ಸಾದೇವನ ಮಂಚದ ಕೆಳಗೆ ಎರಡು ರಟ್ಟಿನ ಪೆಟ್ಟಿಗೆ ಸಿಕ್ಕವು. ಒಳಗೆ ಬಾಂಬಿದೆ ಅಂತ ಅವನಿಗೆ ಗೊತ್ತಿತ್ತು. ಪೇಟೆಯ ಒಂದು ಪೊಲೀಸ್ ಚೌಕಿಗೆ ಹೋಗಬೇಕಾಗಿದ್ದ ಪೆಟ್ಟಿಗೆಗಳು ಅವು. ಯಾರಿಗೂ ಏನೂ ಆಗಲಿಲ್ಲ, ಅದೊಂದು ಪುಣ್ಯ.

ಪೊಲೀಸರು ನನ್ನನ್ನು ಕೇಳಿದರು: "ಅತಿಥಿ ವಿಷಯ ನಿಮಗೆ ತಿಳಿಸಿದ್ದೆ ಅಂತಾಳೆ ಆ ತಾಯಿ. ನಿಜವೇ?" ನನ್ನ ಪಿಂಚಣಿ ಕಣ್ಮುಂದೆ ಬಂತು, ಮೂವತ್ತೈದು ವರ್ಷ ಟೀಚರಮ್ಮ ಅನ್ನಿಸಿಕೊಂಡ ಮರ್ಯಾದೆ ಕಣ್ಮುಂದೆ ಬಂತು. "ಇಲ್ಲ, ತಿಳಿಸಿಲ್ಲ," ಅಂದುಬಿಟ್ಟೆ. ತುಮಿರಾಹ್‌ಳನ್ನು ಮೂರು ದಿನ ಕೂರಿಸಿಕೊಂಡು ಕೇಳಿದರು. ಆಮೇಲೆ ಬೀದಿಯವರು ಅವಳ ಹಪ್ಪಳ ಕೊಳ್ಳುವುದನ್ನು ಬಿಟ್ಟರು, ಮದುವೆ ಮನೆಯ ಅಡುಗೆ ಕೆಲಸಕ್ಕೂ ಕರೆಯಲಿಲ್ಲ. ಅವಳು ನನ್ನೆದುರು ಒಂದು ದಿನವೂ ಬಾಯಿ ಬಿಡಲಿಲ್ಲ. ಬೈದಿದ್ದರೆ ನನಗೂ ಸ್ವಲ್ಪ ನಿದ್ದೆ ಬರುತ್ತಿತ್ತೇನೋ.

ಭಾನುವಾರ ಅಸರ್, ಅಂದರೆ ಇಳಿಹೊತ್ತಿನ ನಮಾಜು ಮುಗಿದ ಮೇಲೆ ನಮ್ಮ ಮನೆಯಲ್ಲಿ ಸಭೆ ಸೇರಿತು. ಚಾಪೆ, ಸಿಹಿ ಟೀ, ಹಿಂದೆ ಅಡುಗೆಮನೆಯಲ್ಲಿ ಸೋಯಾ ಕಾಳಿನ ಟೆಂಪೆ ಬಜ್ಜಿ ಕರಿಯುವ ಹೆಂಗಸರು. ಲಿಂತಾಂಗ್ ಮೊದಲು ತನ್ನ ಪರದೆ ಬಿಚ್ಚಿ ಉಗ್ರವಾದಿಗಳ ಲಕ್ಷಣ ತೋರಿಸಿದ. ಗಡ್ಡ, ಪಾದದ ಗಂಟಿಗಿಂತ ಮೇಲೇ ನಿಲ್ಲುವ ಪ್ಯಾಂಟು, ಯಾರೊಂದಿಗೂ ಬೆರೆಯದಿರುವುದು. ಆ ಪಟ್ಟಿ ಹಿಡಿದು ಹೊರಟರೆ ನಮ್ಮ ಮಸೀದಿಯ ಮುದುಕ ಇಮಾಮರೇ ಮೊದಲು ಒಳಗೆ ಹೋಗುತ್ತಾರೆ. ಹಿಲ್ಮಾನ್ ನುಣ್ಣಗೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ, ಎಲ್ಲರೊಡನೆ ನಗುತ್ತಾ ಬೆರೆಯುತ್ತಿದ್ದ.

ಆಮೇಲೆ ಮೈಕು ನನ್ನ ಕೈಗೆ ಬಂತು. "ಏನಂತೀರಿ?" ಅಂತ ಕೇಳಿದೆ. ನಮ್ಮಲ್ಲಿ ಸಭೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಬೇಡವಾದರೆ ಟೀ ಲೋಟದೊಳಗೆ ನೋಡುತ್ತಾರೆ. ಅವತ್ತು ಅಷ್ಟೂ ಜನ ಲೋಟದೊಳಗೇ ನೋಡುತ್ತಿದ್ದರು.

ಕೊನೆಗೆ ಬೀದಿಯ ಹಿರಿಯರಾದ ಪಾಕ್ ಸುರೋತೊ ಗಂಟಲು ಸರಿಮಾಡಿಕೊಂಡರು. ಹಿರಿಯ ಗಂಡಸರನ್ನು ನಾವು ಪಾಕ್, ಅಂದರೆ ಅಪ್ಪ, ಅಂತೇವೆ. ಅವರ ಮಗ ಟ್ರಾಫಿಕ್ ಪೊಲೀಸ್.

"ನನ್ನ ಮಗ ದಿನಾ ಚೌಕಿಯಲ್ಲಿ ನಿಲ್ತಾನೆ. ಆ ಪೆಟ್ಟಿಗೆ ಅವನ ಕಾಲ ಹತ್ರಾನೇ ಸಿಡೀಬಹುದಿತ್ತು. ಆದ್ರೂ ಹುಡುಗನ್ನ ಕ್ಷಮಿಸೋಣ, ಮೀಸೆ ಬಲಿಯೋ ಮುಂಚೆ ಕೆಟ್ಟೋನು. ನನ್ನ ಚಿಂತೆ ಆ ಮನೇದು. ಆರು ತಿಂಗಳು ಅತಿಥಿಯ ಚೀಟಿ ಮುಚ್ಚಿಟ್ಟ ಮನೆ ಅದು. ನಾಳೆ ಇನ್ನೊಬ್ಬ ಬಂದ್ರೆ ಆ ತಾಯಿ ಹೇಳ್ತಾಳೆ ಅಂತ ಏನು ಗ್ಯಾರಂಟಿ?"

ಎಲ್ಲರ ತಲೆ ಅಲ್ಲಾಡಿತು. ಎಲ್ಲರೂ ನುಂಗಿಕೊಂಡಿದ್ದ ಮಾತು ಅದೇ. ತುಮಿರಾಹ್ ಹಿಂದೆ, ಚಪ್ಪಲಿ ಬಿಡುವ ಕಡೆ ಕೂತಿದ್ದಳು. ತಲೆವಸ್ತ್ರವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ನಾನು ಈಗ ಸುಮ್ಮನಿದ್ದರೆ ಹುಡುಗ ಕೈತಪ್ಪುತ್ತಾನೆ ಅನ್ನುವುದು ಸ್ಪಷ್ಟವಾಗಿತ್ತು. ಚಾಪೆಯಿಂದ ಎದ್ದು ನಿಂತೆ.

"ತುಮಿರಾಹ್ ಮುಚ್ಚಿಟ್ಟಿರ್ಲಿಲ್ಲ. ಚೀಟಿ ತಂದು ಕೊಟ್ಟಿದ್ರು. ನಾನೇ ಬೇಡ ಅಂದೆ. ಆಮೇಲೆ ಪೊಲೀಸರ ಹತ್ರ ಸುಳ್ಳು ಹೇಳ್ದೆ."

ಮೈಕಿನಲ್ಲಿ ಹೇಳುತ್ತಿದ್ದೇನೆ ಅನ್ನುವುದೇ ಮರೆತುಹೋಗಿತ್ತು. ಮಾತು ಬೀದಿಯ ಆ ತುದಿಯವರೆಗೂ ಹೋಯಿತು. ಅಡುಗೆಮನೆಯಿಂದ ಬು ನಾರ್ತಿ ಜಾಲರಿ ಸೌಟು ಹಿಡಿದೇ ಹೊರಗೆ ಬಂದಳು.

"ಇನ್ನೊಂದ್ಸಲ ಹೇಳಿ ಬು. ಕೇಳಿಸ್ತು, ಆದ್ರೆ ನಂಬೋಕಾಗ್ತಿಲ್ಲ."

ಇನ್ನೊಂದು ಸಲ ಹೇಳಿದೆ. ಎರಡನೇ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು.

ಪಾಕ್ ಸುರೋತೊ ಟೀ ಲೋಟ ಕೆಳಗಿಟ್ಟರು. "ಮೂರು ವರ್ಷ ನಾನು ಆ ಹೆಂಗಸಿನ ಮುಖ ನೋಡಿ ಮಾತಾಡ್ಲಿಲ್ಲ," ಅಂದರು. "ನಿಮ್ಮ ಮಾತು ನಂಬಿಕೊಂಡು." ಆಮೇಲೆ ಲಿಂತಾಂಗ್‌ನ ಕಡೆ ಕೈ ಚಾಚಿದರು. "ಪೆನ್ನು ಕೊಡಪ್ಪ. ನಂದೊಂದು ಶರತ್ತು ಬರಿ. ಪ್ರತಿ ಶುಕ್ರವಾರ ನಮಾಜಾದ ಮೇಲೆ ಆ ಹುಡುಗ ನನ್ನ ಜಗಲಿ ಮೇಲೆ ಬಂದು ಕೂರಬೇಕು, ನನ್ನ ಮಗನ ಎದುರಿಗೆ. ಮಾತಾಡದಿದ್ರೂ ನಡೆಯತ್ತೆ, ಕೂತ್ರೆ ಸಾಕು. ಮತ್ತೆ ಬು, ನೀವು ಇದಕ್ಕೊಂದು ಮುದ್ರೆ ಒತ್ತಿ. ಅದೇ ಕೊನೆ. ಆಮೇಲೆ ಮುದ್ರೆ ಬೇರೆಯವರಿಗೆ ಕೊಟ್ಬಿಡಿ."

ಸಹಿಗಳು ಬಿದ್ದವು. ಕಾಗದದ ತಲೆಯ ಮೇಲೆ ನನ್ನ ಸುಳ್ಳನ್ನೂ ನನ್ನ ಕೈಯಲ್ಲೇ ಬರೆದೆ. ಅದಕ್ಕೆ ನಮೂನೆಯಲ್ಲಿ ಜಾಗ ಇಲ್ಲವಲ್ಲ ಅಂತ ಲಿಂತಾಂಗ್ ಗೊಣಗಿದ, ಜಾಗ ನಾನು ಮಾಡಿಕೊಂಡೆ. ಮರುದಿನ ಠಾಣೆಗೂ ಹೋಗಿ ಹೇಳಿಕೆ ಬರೆಸಿ ಬಂದೆ. ಸಭೆಯ ದಿನ ತುಮಿರಾಹ್ ಮಾತ್ರ ಟೀ ಕೂಡ ಕುಡಿಯದೆ, ನನ್ನ ಕಡೆ ತಿರುಗಿಯೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋಗಿದ್ದಳು.

ಗುರುವಾರ ಬೆಳಿಗ್ಗೆ ಇಲಾಖೆಯ ವ್ಯಾನಿನಲ್ಲಿ ನಾವು ಮೂವರು ಲಿಂತಾಂಗ್ ಜೊತೆ ಹೋದೆವು: ತುಮಿರಾಹ್, ಪಾಕ್ ಸುರೋತೊ, ನಾನು. ಬಿಳಿ ಕಾರು ಆಗಲೇ ಬಂದು ನಿಂತಿತ್ತು. ಅದರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಹೊಸ ಅಂಗಿಯನ್ನು ಹ್ಯಾಂಗರಿನಲ್ಲಿ ಹಿಡಿದ ಒಬ್ಬ ಯುವಕ. ನಮ್ಮನ್ನು ಕಂಡು ಬಗ್ಗಿ ವಂದಿಸಿದ.

"ಬಿಸಿಲು ಜೋರಾಗಿದೆ ಬು, ಈ ಕಡೆ ನೆರಳಿಗೆ ಬನ್ನಿ. ನೀರು ಬೇಕಾ?"

ನಾನು ಬಿಸಿಲಿನಲ್ಲೇ ನಿಂತೆ.

ಗೇಟು ತೆರೆಯಿತು. ಸಾದೇವ ಬಡಕಲಾಗಿದ್ದ, ಗಲ್ಲದ ಮೂಳೆ ಎದ್ದಿತ್ತು. ಬಂದು ಅಮ್ಮನ ಕೈಯನ್ನು ಹಣೆಗೆ ಒತ್ತಿಕೊಂಡ. ಅವಳು ಅಳಲಿಲ್ಲ, ಅವನ ತೋಳು ಹಿಸುಕಿ ಹಿಸುಕಿ ನೋಡಿದಳು. ಅಷ್ಟರಲ್ಲಿ ಯುವಕ ಅಂಗಿಯನ್ನು ಅವನ ತೋಳಿನ ಮೇಲೆ ಹಾಕಿಯಾಗಿತ್ತು.

"ಹೊರಡೋಣ್ವಾ ತಮ್ಮಾ? ಅಮ್ಮನ್ನೂ ಕರ್ಕೊಂಡು ಬಾ. ಆ ಬೀದಿಯವರು ಅಮ್ಮಂಗೆ ಮಾಡಿದ್ದು ನಿಂಗೆ ಗೊತ್ತಲ್ಲ."

ಸಾದೇವ ನನ್ನ ಕಡೆ ತಿರುಗಿದ. ಅಕ್ಷರ ಕಲಿಸಿದವಳು ನಾನೇ. ಆ ಕಣ್ಣಿನಲ್ಲಿ ಅದರ ಗುರುತೇ ಇರಲಿಲ್ಲ.

"ನೀವ್ಯಾಕೆ ಬಂದ್ರಿ?" ಅಂದ, ಮೆಲ್ಲಗೆ. "ಒಳಗೆ ಇವರ ಕಡೆಯವರು ನಂಗೆ ನೂರು ಮಾತು ಹೇಳಿದ್ರು. ಒಂದೊಂದಾಗಿ ಎಲ್ಲಾ ಬಿಟ್ಟೆ. ಒಂದನ್ನ ಬಿಡೋಕಾಗ್ಲಿಲ್ಲ. 'ನಿನ್ನ ಬೀದಿ ನಿನ್ನಮ್ಮನ್ನ ಸುಳ್ಳಿ ಮಾಡ್ತು' ಅನ್ನೋದು. ಯಾಕಂದ್ರೆ ಅದು ನಿಜ. ಅವತ್ತು ಅಮ್ಮನ ಪಕ್ಕದಲ್ಲಿ ನಾನೇ ನಿಂತಿದ್ದೆ."

ಕಾಗದವನ್ನು ಅವನ ಕೈಗೆ ಕೊಟ್ಟೆ. ತಲೆಯ ಮೇಲಿನ ಸಾಲನ್ನು ಅವನು ಎರಡು ಸಲ ಓದಿದ. ಆಮೇಲೆ ಬೆರಳಿಟ್ಟು ಸಹಿಗಳ ಮೇಲೆ ಇಳಿಯುತ್ತಾ ಹೋದ.

"ಪಾಕ್ ಸುರೋತೊ ಅವರದೂ ಇದೆಯಲ್ಲ."

"ಇದೆ," ಅಂದರು ಪಾಕ್ ಸುರೋತೊ. "ಸುಮ್ಮನೆ ಹಾಕಿಲ್ಲ. ಕೆಳಗಡೆ ಶರತ್ತು ಓದು."

ಅದನ್ನೂ ಓದಿದ. ಅಮ್ಮನ ಕಡೆ ನೋಡಿದ. "ಎಲ್ಲರ ಮುಂದೆ ಹೇಳಿದ್ರಾ?"

"ಹೇಳಿದ್ರು ಮಗಾ. ನಾನಿದ್ದೆ."

ಯುವಕ ಕಾರಿನ ಬಾಗಿಲು ತೆರೆದು ಹಿಡಿದಿದ್ದ. ಸಾದೇವ ತೋಳಿನ ಮೇಲಿದ್ದ ಅಂಗಿಯನ್ನು ಕೈಗೆ ತೆಗೆದುಕೊಂಡ. ಆಮೇಲೆ ಇಸ್ತ್ರಿ ಕೆಡದಂತೆ ಎರಡೂ ಕೈಯಿಂದ ವಾಪಸು ಕೊಟ್ಟ.

"ನಾನು ತುಂಬ ತೆಳ್ಳಗಾಗಿಬಿಟ್ಟಿದೀನಿ ಅಣ್ಣಾ. ಇದು ನಂಗೆ ದೊಡ್ಡದಾಗತ್ತೆ."

ವ್ಯಾನಿನಲ್ಲಿ ಡ್ರೈವರನ ಪಕ್ಕ ಹೋಗಿ ಕೂತ. ನಾನು ಹತ್ತುವಾಗ ತಿರುಗದೆಯೇ ಹೇಳಿದ: "ನಿಮ್ಮನ್ನ ನಾನು ಕ್ಷಮಿಸಿಲ್ಲ."

"ಬೇಡಪ್ಪ," ಅಂದೆ.

ಇದಾಗಿ ಐದು ತಿಂಗಳಾಯಿತು. ಈಗ ಮುದ್ರೆ ಬು ನಾರ್ತಿಯ ಹತ್ತಿರ ಇದೆ. ಅವಳಿಗೆ ಸಂಕೋಚ ಅನ್ನುವುದು ಹುಟ್ಟಿನಿಂದಲೇ ಇಲ್ಲ, ತನ್ನ ಮನೆಗೆ ಬಂದ ಅತ್ತೆಯ ಚೀಟಿಯನ್ನೂ ಕೇಳಿದಳಂತೆ. ನನ್ನ ಹೇಳಿಕೆಯ ವಿಚಾರಣೆ ಠಾಣೆಯಲ್ಲಿ ಇನ್ನೂ ನಡೆದಿದೆ, ಕರೆದಾಗ ಹೋಗಿ ಬರುತ್ತೇನೆ. ಶುಕ್ರವಾರ ಸಾದೇವ ಪಾಕ್ ಸುರೋತೊ ಅವರ ಜಗಲಿಯ ಮೇಲೆ ಕೂರುತ್ತಾನೆ. ಮೊದಲ ಕೆಲವು ವಾರ ಇಬ್ಬರೂ ನೆಲ ನೋಡಿಕೊಂಡು ಕೂತಿದ್ದರು. ಈಗ ಟ್ರಾಫಿಕ್ ಪೊಲೀಸು ತನ್ನ ಬೈಕಿನ ಸೈಲೆನ್ಸರು ಸರಿಯಿಲ್ಲ ಅಂತ ಅವನ ಹತ್ತಿರ ದೂರುತ್ತಾನೆ. ತುಮಿರಾಹ್‌ಳ ಹಪ್ಪಳವನ್ನು ಬೀದಿಯವರೆಲ್ಲ ಕೊಳ್ಳುತ್ತಾರೆ. ನಾನು ಕೇಳಿದರೆ, ತುಂಬಿದ ಬುಟ್ಟಿ ಎದುರಿಗಿಟ್ಟುಕೊಂಡೇ, "ಮುಗೀತು ಬು," ಅನ್ನುತ್ತಾಳೆ.

ಬಿಳಿ ಕಾರು ಎರಡು ಸಲ ಬೀದಿಯ ಬಾಯಿಗೆ ಬಂದು ಹೋಯಿತು. ನನಗೆ ಈಗಲೂ ಭಯವಿದೆ, ಇಲ್ಲ ಅನ್ನುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಏಳು ಗಂಟೆಗೆ ಸಾದೇವ ಅಮ್ಮನ ಬುಟ್ಟಿ ಸೈಕಲ್ಲಿಗೆ ಕಟ್ಟಿಕೊಂಡು ನನ್ನ ಮನೆಯ ಮುಂದೆಯೇ ಹಾದುಹೋಗುತ್ತಾನೆ. ನಾನು ಜಗಲಿಯಲ್ಲಿ ಕೂತಿರುತ್ತೇನೆ. ಅವನು ನನ್ನ ಕಡೆ ನೋಡುವುದಿಲ್ಲ. ನೋಡದಿದ್ದರೆ ಬೇಡ, ನಮ್ಮ ಬೀದಿಯಲ್ಲೇ ಹೋಗುತ್ತಿದ್ದಾನಲ್ಲ.