ನಕ್ಷೆಗೆ ಬಾರದ ಮೋರಿ

ಸಮುದ್ರದ ನೀರು ಪರೀಕ್ಷಿಸುವುದು ನನ್ನ ಕೆಲಸ. ನಮ್ಮ ಸಮುದ್ರಕ್ಕೆ ಎರಡು ದಡ, ದಡಕ್ಕೊಂದು ದೇಶ. ಅದನ್ನು ಶುದ್ಧ ಮಾಡುವ ಮಾತು ಬಂದಾಗಲೆಲ್ಲ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಹೇಗೋ ಕೊನೆಗೆ ಇಬ್ಬರೂ ಸೇರಿ ಒಂದು ನಿಧಿ ಮಾಡಿದರು. ಜಂಟಿ ನಕ್ಷೆಯಲ್ಲಿ ಕೆಂಪು ಚುಕ್ಕೆ ಬಿದ್ದ ಕಡೆ ಮಾತ್ರ ಶುದ್ಧೀಕರಣ ಘಟಕ ಬರುತ್ತದೆ. ಒಂದೇ ಬಾಟಲಿಯ ನೀರನ್ನು ಎರಡು ಪಾಲು ಮಾಡಿ, ಎರಡೂ ದೇಶದಲ್ಲಿ ಪರೀಕ್ಷಿಸಿ, ಫಲಿತಾಂಶ ತಾಳೆಯಾದರೆ ಆ ಜಾಗ ಎರಡೂ ದೇಶದ ಸಾಹೇಬರ ಸಭೆಯ ಮುಂದೆ ಹೋಗುತ್ತದೆ, ಸಭೆ ಒಪ್ಪಿದರೆ ಚುಕ್ಕೆ ಬೀಳುತ್ತದೆ.

ನನಗೆ ಬೇಕಿದ್ದದ್ದು ಒಂದೇ ಒಂದು ಚುಕ್ಕೆ. ಬಣ್ಣದ ಕಾರ್ಖಾನೆಗಳ ಹೊಲಸನ್ನೆಲ್ಲ ಹೊತ್ತ ನಮ್ಮೂರ ದೊಡ್ಡ ಮೋರಿ ಸಮುದ್ರ ಸೇರುವ ಕಡೆ, ನನ್ನ ಅಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಚಿಪ್ಪುಮೀನು ಹೆಕ್ಕುತ್ತಾಳೆ. ಅವಳ ಕಾಲಿನ ಹುಣ್ಣು ಮಾಯುವುದೇ ಇಲ್ಲ. ಆ ಕೆಲಸ ಬಿಡು ಅಂದರೆ, ನೀರು ನೋಡಿದ್ದಕ್ಕೇ ನಿನಗೆ ಸಂಬಳ, ನಾನು ಇಳಿದರೇ ನನಗೆ ಊಟ ಅನ್ನುತ್ತಾಳೆ. ಭಾವ ಹೋದ ಮೇಲೆ ಅವಳ ನಾಲಿಗೆ ಇನ್ನಷ್ಟು ಚುರುಕಾಗಿದೆ.

ಆಚೆ ದಡದಲ್ಲಿ ನನ್ನದೇ ಕೆಲಸ ಮಾಡುವ ಒಬ್ಬಳಿದ್ದಾಳೆ. ಸಂಶಯ ಬಂದರೆ ಹಿಡಿದದ್ದನ್ನು ಬಿಡುವವಳಲ್ಲ, ಹಾಗಾಗಿ ನಾವಿಟ್ಟ ಹೆಸರು ಜಿಗಣೆ. ಮೋರಿಯ ನೀರು ಅವಳಿಗೆ ಕಳಿಸಿದೆ. ತಾಳೆಯಾಯಿತು. ಆದರೆ ನಮ್ಮ ದೇಶದ್ದೊಂದನ್ನೇ ಮುಂದಿಟ್ಟರೆ ಮಾನ ಹೋಯಿತೆಂದು ನಮ್ಮ ಸಾಹೇಬರು ಕೂಗಾಡುವುದು ಖಂಡಿತ. ಅದಕ್ಕೇ ಅವಳು ತಮ್ಮ ಕಡೆಯ, ಚರ್ಮ ಹದಮಾಡುವ ಕಾರ್ಖಾನೆಗಳ ಕಾಲುವೆಯನ್ನೂ ಸೇರಿಸಿದಳು. ಅದೂ ತಾಳೆಯಾಯಿತು. ನಮ್ಮದೊಂದು, ನಿಮ್ಮದೊಂದು, ಯಾರಿಗೂ ಅವಮಾನವಿಲ್ಲ. ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಸಭೆಯಲ್ಲಿ ಎರಡೂ ಕಡೆಯ ಸಾಹೇಬರು ವರದಿ ಓದಿ, ಚಹಾಕ್ಕೆಂದು ಎದ್ದು, ಕಿಟಕಿಯ ಬಳಿ ಪಿಸುಗುಟ್ಟಿದರು. ಮರಳಿ ಕೂತಾಗ ಇಬ್ಬರ ಮುಖವೂ ಅರಳಿತ್ತು. ನಮ್ಮದನ್ನು ನೀವು ಎತ್ತಬೇಡಿ, ನಿಮ್ಮದನ್ನು ನಾವು ಎತ್ತುವುದಿಲ್ಲ. ಎರಡೂ ಜಾಗ ನಕ್ಷೆಯಿಂದ ಹೊರಗೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಒಮ್ಮತ ಮೂಡಿತ್ತು, ಎಲ್ಲರೂ ಕೈಕುಲುಕಿದರು. ಒಂದೇ ಜಾಗವಿದ್ದಿದ್ದರೆ ಜಗಳವಾದರೂ ಆಗುತ್ತಿತ್ತು, ಜಗಳದಲ್ಲಿ ಚುಕ್ಕೆಯೂ ಬೀಳುತ್ತಿತ್ತೇನೋ. ಕೊಡು-ಕೊಳ್ಳುವ ಸರಕನ್ನು ಅವರ ಕೈಗಿಟ್ಟವರು ನಾವೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಕೂಸು ಅವರ ರಾಜಿಯಲ್ಲಿ ಬಡವಾಯಿತು. ಜಿಗಣೆ ತಲೆ ಎತ್ತಲಿಲ್ಲ.

ಸಂಜೆ ಅಕ್ಕನ ಮನೆಗೆ ಹೋದೆ. ಎರಡು ದೇಶ ಒಂದಾದ ಸುದ್ದಿ ಅವಳಿಗೆ ರೇಡಿಯೋದಿಂದ ಮೊದಲೇ ತಲುಪಿತ್ತು. ಖುಷಿಯಾಗಿದ್ದಳು, ಅದನ್ನು ನೋಡಲಾಗಲಿಲ್ಲ.

"ಹಾಗಾದ್ರೆ ನಮ್ಮ ಮೋರಿಗೆ ಘಟಕ ಬರುತ್ತೆ ಅಲ್ವಾ?" ಅಂದಳು.

"ಬರಲ್ಲ ಅಕ್ಕಾ. ಅದನ್ನ ಬಿಟ್ಬಿಡೋಣ ಅಂತಾನೇ ಎಲ್ರೂ ಒಪ್ಪಿದ್ದು."

"ನೀನೇನಂದೆ ಅಲ್ಲಿ?"

"ನನ್ನ ಯಾರೂ ಕೇಳ್ಲಿಲ್ಲ."

"ನನ್ನೂ ಕೇಳ್ಲಿಲ್ಲ," ಅಂದಳು.

ನೀರು ಇಳಿಯುವ ಹೊತ್ತಾಗಿತ್ತು. ಅಕ್ಕ ಹುಣ್ಣಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ಬುಟ್ಟಿ ಎತ್ತಿಕೊಂಡು ಮೋರಿಯ ಕಡೆ ಹೊರಟಳು. ಬೇಡ ಅನ್ನುವ ಮುಖ ನನಗಿರಲಿಲ್ಲ.