ಸಿದ್ದಮ್ಮನ ಆರು ತಿಂಗಳು

ಕಾರ್ತಿಕ ಮಾಸದ ಎರಡನೆಯ ಸೋಮವಾರ ಬೆಳಿಗ್ಗೆ ನಾನು ಲಿಂಗಪೂಜೆಗೆ ಕುಳಿತಿದ್ದಾಗ ಆಶಾ ಕಾರ್ಯಕರ್ತೆ ಭವ್ಯಶ್ರೀ ಬಂದು ಜಗುಲಿಯ ಮೇಲೆ ಕುಳಿತಳು. ಎಂದೂ ಗಾಡಿ ಇಳಿಯದೆ ಹೊರಗಿನಿಂದಲೇ ಕೂಗಿ ಹೋಗುವ ಹುಡುಗಿ, ಆ ದಿನ ಕೂಗಲಿಲ್ಲ. ಪೂಜೆ ಮುಗಿಸಿ ನಾನು ಹೊರಗೆ ಬರುವವರೆಗೂ ಕಾದಿದ್ದು, ಎದ್ದು ನಿಂತು, "ಸಿದ್ದಮ್ಮಕ್ಕ ಹೋಗ್ಬುಟ್ರು ಮೇಷ್ಟ್ರೇ" ಎಂದಳು.

ಸಿದ್ದಮ್ಮ ನನ್ನ ತಂಗಿ. ನನಗಿಂತ ಹದಿನಾರು ವರ್ಷ ಚಿಕ್ಕವಳು. ತಾಯಿ ಬೇಗ ತೀರಿಕೊಂಡದ್ದರಿಂದ ನನ್ನ ಹೆಗಲ ಮೇಲೆಯೇ ಬೆಳೆದವಳು. ಅವಳ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ. ಆದರೂ ಐದು ತಿಂಗಳಿಂದ ಅವಳು ನನ್ನೊಡನೆ ಮಾತನಾಡಿರಲಿಲ್ಲ. ಹೋದರೆ ಬಾಗಿಲು ತೆರೆಯುತ್ತಿರಲಿಲ್ಲ. ತಪ್ಪು ಅವಳದಲ್ಲ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಿವರಾತ್ರಿಯ ಹಿಂದೆಮುಂದೆ ಅವಳಿಗೆ ಕೆಮ್ಮು ಹಿಡಿದು ಬಿಡಲೇ ಇಲ್ಲ. ಭವ್ಯಶ್ರೀ ಕಫ ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದು ತಿಳಿಯಿತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಕೆಲವು ವಾರ ಕಳೆದರೆ ಇನ್ನೊಬ್ಬರಿಗೆ ಅಂಟುವುದೂ ಇಲ್ಲ ಎಂದು ಡಾಕ್ಟರು ಧೈರ್ಯ ಹೇಳಿದರು. ಸಿದ್ದಮ್ಮ ಬೆರಳು ಮಡಿಸಿ ಎಣಿಸಿದಳು. ಶ್ರಾವಣಕ್ಕೆ ಮುಗಿಯುತ್ತದೆ. ಅವಳ ಒಬ್ಬಳೇ ಮಗಳು ಜೀವಿತಾ ಬಸುರಿಯೆಂದು ಆಗತಾನೇ ತಿಳಿದಿತ್ತು. ದಸರೆಯ ವೇಳೆಗೆ ಹೆರಿಗೆ. ಗಂಡ ಸತ್ತ ಮೇಲೆ ಬಟ್ಟೆ ಹೊಲಿದು ಸಾಕಿದ ಮಗಳು. ಆ ಮಗಳ ಚೊಚ್ಚಲ ಬಾಣಂತನ ತವರಿನಲ್ಲಿ ತನ್ನ ಕೈಯಿಂದಲೇ ಆಗಬೇಕೆಂಬುದು ಸಿದ್ದಮ್ಮನ ಒಂದೇ ಆಸೆ. ತುರುವೇಕೆರೆಯ ಬೀಗರಿಗೆ ಕಾಯಿಲೆಯ ಸುದ್ದಿ ಮುಟ್ಟಿದರೆ ಕಳಿಸುವುದಿಲ್ಲವೆಂಬುದೂ ಗೊತ್ತಿತ್ತು. ಆದ್ದರಿಂದ ಮಗಳಿಗೂ ಹೇಳಲಿಲ್ಲ. ನನ್ನನ್ನೂ ಭವ್ಯಶ್ರೀಯನ್ನೂ ಬಿಟ್ಟರೆ ಊರಿನಲ್ಲಿ ಮೂರನೆಯವರಿಗೆ ತಿಳಿದಿರಲಿಲ್ಲ.

ಮೂರನೆಯವರಿಗೆ ಹೇಳಿದವನು ನಾನು.

ಕ್ಷಯರೋಗಿಗಳಿಗೆ ದಾನಿಗಳಿಂದ ತಿಂಗಳ ಆಹಾರದ ಕಿಟ್ ಕೊಡಿಸುವ ಕಾರ್ಯಕ್ರಮ ಜ್ಯೇಷ್ಠದಲ್ಲಿ ನಮ್ಮೂರಿಗೂ ಬಂತು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ನಮ್ಮೂರಿನವರೇ ಆದ ತೋಂಟದಾರ್ಯರು ತಾವು ಕೊಡುವುದಾಗಿ ಮುಂದೆ ಬಂದರು. ರೋಗಿಗಳು ಯಾರೆಂದು ಕೇಳಿದರೆ, ಅವರಾಗಿಯೇ ಒಪ್ಪದೆ ತಾನು ಹೇಳುವಂತಿಲ್ಲ ಎಂದಳು ಭವ್ಯಶ್ರೀ. ಆಗ ಅವರು ನನ್ನಲ್ಲಿಗೆ ಬಂದರು. ನಲವತ್ತು ವರ್ಷ ಸೋಮವಾರದ ಭಜನೆಯಲ್ಲಿ ಪಕ್ಕದಲ್ಲಿ ಕುಳಿತವರು. ತಂಗಿ ಬಹಳ ಸೊರಗಿದ್ದಳು. ಬೇಳೆ, ಕಡಲೆ, ಹಾಲಿನ ಪುಡಿ ಸಿಕ್ಕರೆ ಚೇತರಿಸಿಕೊಳ್ಳುವಳೆಂದು ನಾನು ಹೇಳಿಬಿಟ್ಟೆ. ಯಾರಿಗೂ ತಿಳಿಯಕೂಡದೆಂದೂ, ಯಾಕೆಂದೂ ಹೇಳಿದೆ. ಅವರು ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಮಾತು ಕೊಟ್ಟರು.

ಸಿದ್ದಮ್ಮ ಒಪ್ಪಲಿಲ್ಲ.

"ಅವ್ರ ಬೇಳೆ ನಂಗ್ ಬ್ಯಾಡ ಕಣಣ್ಣಯ್ಯ. ನನ್ ಮನೇಲಿ ರಾಗಿ ಇಲ್ವಾ?"

ನಾನು ಅಣ್ಣನೆಂಬ ಅಧಿಕಾರದಿಂದ ಗದರಿದೆ. ಶಿವಭಕ್ತರ ಕೈಯಿಂದ ಬಂದದ್ದು ಪ್ರಸಾದ, ಒಲ್ಲೆನೆನ್ನಬಾರದು ಎಂದೆ. ಕಿಟ್ ಕೊಡುವ ದಿನ ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಗೆ ಸಿದ್ದಮ್ಮನೂ ಸೇರಿ ನಾಲ್ವರು ರೋಗಿಗಳು ಬಂದಿದ್ದರು. ಮಂಡಿಯ ಗುಮಾಸ್ತ ಮೊಬೈಲ್ ಹಿಡಿದು ನಿಂತಾಗ ಸಿದ್ದಮ್ಮ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡಳು. ಫೋಟೋ ಇಲಾಖೆಗೆ ಮಾತ್ರ, ಮುಖ ಕಾಣದಿದ್ದರೆ ಅವರು ಒಪ್ಪುವುದಿಲ್ಲ ಎಂದರು ತೋಂಟದಾರ್ಯರು. ನಾನೇ ಮುಂದೆ ಹೋಗಿ, "ಏನಾಗಲ್ಲ ಬುಡವ್ವ, ನಾನಿಲ್ವಾ" ಎಂದು ಅವಳ ಸೆರಗು ಸರಿಸಿದೆ.

ಹದಿನೈದು ದಿನಕ್ಕೆ ತಿಪಟೂರು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ನಗುತ್ತಿರುವ ತೋಂಟದಾರ್ಯರು, ಕಿಟ್ಟಿನ ಚೀಲ, ನಾಲ್ಕು ಮುಖಗಳು. ಮೇಲೆ ಕೆಂಪು ಅಕ್ಷರದಲ್ಲಿ, ಕ್ಷಯಮುಕ್ತ ಊರಿಗೆ ನಮ್ಮದೊಂದು ಅಳಿಲು ಸೇವೆ. ಜೀವಿತಾಳ ಅತ್ತೆ ಹುಚ್ಚಕ್ಕ ಅದರ ಎದುರಿಗೇ ಬಸ್ಸಿಳಿದರಂತೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಿದ್ದಮ್ಮನಿಗೆ ಫೋನು ಮಾಡಿ, "ನೀವು ಮಲಗಿ ಸುಧಾರಿಸ್ಕಳಿ ಬೀಗಿತ್ತಿ. ಬಾಣಂತನ ಇಲ್ಲೇ ಆಯ್ತದೆ. ಮಗು ಆದ್ಮೇಲೆ ಫೋಟೋ ಕಳಿಸ್ತೀವಿ" ಎಂದರು. ಭವ್ಯಶ್ರೀ ತುರುವೇಕೆರೆಗೆ ಹೋಗಿ, ಡಾಕ್ಟರ ಚೀಟಿ ತೋರಿಸಿ, ಈಗ ಅಂಟುವುದಿಲ್ಲವೆಂದು ಕೈಮುಗಿದು ಹೇಳಿದಳು. ಕಾಫಿ ಕೊಟ್ಟು ಕಳಿಸಿದರು.

ನಾನು ಮಂಡಿಗೆ ಹೋದೆ. ತೋಂಟದಾರ್ಯರಲ್ಲಿ ಅಳುಕೇ ಇರಲಿಲ್ಲ.

"ಹೆಸ್ರು ಹಾಕ್ಸಿಲ್ಲ ನೋಡಿ ಮೇಷ್ಟ್ರೇ. ಕೊಟ್ಟ ಮಾತು ಕೊಟ್ಟಂಗೇ ಐತೆ."

"ಮುಖ ಐತಲ್ಲ ಸಾವ್ಕಾರ್ರೇ."

"ಮುಖ ಇಲ್ದಿದ್ರೆ ನಾನು ಕೊಟ್ಟೆ ಅಂತ ಯಾರ್ ನಂಬ್ತಾರೆ?"

ತಾಲ್ಲೂಕಿನ ಸಮಾರಂಭವೊಂದಿದೆ, ಅದು ಮುಗಿದ ಮೇಲೆ ಇಳಿಸೋಣ ಎಂದರು. ಒಂದು ಕುಡುಗೋಲು ತಂದು ನಾನೇ ಹರಿಯಬಹುದಿತ್ತು. ನಲವತ್ತು ವರ್ಷದ ದಾಕ್ಷಿಣ್ಯ. ಎದ್ದು ಬಂದೆ.

ಅಂದಿನಿಂದ ಸಿದ್ದಮ್ಮ ಬಾಗಿಲು ಹಾಕಿಕೊಂಡಳು. ಭವ್ಯಶ್ರೀ ಕಿಟಕಿಯಲ್ಲಿ ಕೊಟ್ಟ ಮಾತ್ರೆಯನ್ನು ಇಸಿದುಕೊಳ್ಳುತ್ತಿದ್ದಳು, ದಿನವೂ ನುಂಗುತ್ತಿದ್ದೇನೆ ಎನ್ನುತ್ತಿದ್ದಳು. ಶ್ರಾವಣ ಮುಗಿದರೂ ಕೆಮ್ಮು ನಿಲ್ಲದಿದ್ದಾಗ ಆಸ್ಪತ್ರೆಗೆ ಕರೆದರೆ ಹೋಗಲಿಲ್ಲ. ದಸರೆಯಲ್ಲಿ ಜೀವಿತಾಗೆ ಹೆಣ್ಣು ಮಗುವಾಯಿತು. ಹೇಳಿದ್ದಂತೆ ಫೋಟೋ ಬಂತು ಎಂದು ಭವ್ಯಶ್ರೀ ಹೇಳಿದಳು. ನನಗೆ ಯಾರೂ ತೋರಿಸಲಿಲ್ಲ.

ಅವಳು ಹೋದ ದಿನ, ಐದು ತಿಂಗಳ ಮೇಲೆ ನಾನು ಆ ಹೊಸ್ತಿಲು ದಾಟಿದೆ. ಅಡುಗೆಮನೆಯ ಮೂಲೆಯಲ್ಲಿ ಕಿಟ್ಟಿನ ಚೀಲ ಕಟ್ಟು ಬಿಚ್ಚದೆ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಬಟ್ಟೆಯ ಗಂಟೊಂದರಲ್ಲಿ ಮಾತ್ರೆಗಳು, ಉಳಿದ ಮೂರು ತಿಂಗಳವೂ. ಭವ್ಯಶ್ರೀ ಒಲೆಯ ಮುಂದೆ ಕುಳಿತು ಅವನ್ನು ಒಂದೊಂದಾಗಿ ಎಣಿಸಿದಳು.

ಜೀವಿತಾ ಮಗುವನ್ನು ಬಿಟ್ಟು ಬಂದಿದ್ದಳು. ತಾಯಿಯ ಹಣೆಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ನನ್ನ ಬಳಿ ಬಂದಳು.

"ಅವ್ವ ನಂಗೇ ಹೇಳಿರ್ನಿಲ್ಲ. ಯಾರ್ ಮಾತ್ ನಂಬ್ಕಂಡು ಆ ಕಿಟ್ ಇಸ್ಕಳಕ್ ಹೋದ್ಲು ಮಾವ?"

"ನನ್ ಮಾತು ಕಣವ್ವ."

ಅವಳು ನನ್ನಿಂದ ದೂರ ಹೋಗಿ ಹೆಂಗಸರ ಜೊತೆ ಕುಳಿತಳು.

ಮಣ್ಣು ಮಾಡಿ ತೋಟದಿಂದ ಹಿಂತಿರುಗುವಾಗ ತೋಂಟದಾರ್ಯರು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನೀರಿತ್ತು. ಸುಳ್ಳು ನೀರೆಂದು ನಾನು ಹೇಳಲಾರೆ.

"ಮುಂದಿನ ತಿಂಗ್ಳು ಹೊನ್ನವಳ್ಳಿ ಕಡೆ ಇಪ್ಪತ್ತು ಕಿಟ್ ಐತೆ ಮೇಷ್ಟ್ರೇ. ನೀವ್ ಕರದ್ರೆ ಜನ ಬತ್ತಾರೆ. ಸಿದ್ದಮ್ಮನ ಹೆಸ್ರಲ್ಲೇ ಕೊಡಣ."

"ಕೊಡಿ. ಹಸಿದೋರು ತಿನ್ಲಿ," ಎಂದೆ. "ಅವರ ಮನೆ ಬಾಗಿಲಿಗೆ ನೀವೇ ಹೊತ್ಕೊಂಡ್ ಹೋಗ್ ಕೊಡಿ. ಅವಳ ಹೆಸ್ರು ಎತ್ಬೇಡಿ. ನನ್ ಹೆಸ್ರೂ ಎತ್ಬೇಡಿ."

ಕೈ ಬಿಡಿಸಿಕೊಂಡು ಬಂದೆ. ಸೋಮವಾರದ ಭಜನೆಗೆ ಈಗ ಹೋಗುತ್ತಿಲ್ಲ. ಮನೆಯಲ್ಲಿಯೇ ಒಬ್ಬನೇ ಕುಳಿತು ಕೇಳಿಕೊಳ್ಳುತ್ತೇನೆ. ಶಿವನೇ, ಅವರನ್ನು ಕ್ಷಮಿಸುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ನನ್ನನ್ನು ಕ್ಷಮಿಸೆಂದು ಬೇಡುವ ಬಾಯಿಯೂ ಇಲ್ಲ. ಅದೆಲ್ಲ ನನ್ನ ಪಾಲಿಗಿರಲಿ. ನನ್ನ ತಂಗಿ ದಣಿದು ಬಂದಿದ್ದಾಳೆ. ಯಾರ ಕಣ್ಣೂ ಬೀಳದ ನಿನ್ನ ಮಡಿಲಿನಲ್ಲಿ ಅವಳನ್ನು ಮಲಗಿಸಿಕೋ. ಅವಳು ಎತ್ತಿ ಆಡಿಸದೆ ಹೋದ ಮೊಮ್ಮಗಳನ್ನು ದಿನಕ್ಕೊಂದು ಸಲ ಅವಳಿಗೆ ತೋರಿಸು. ಅವಳ ಜೀವ ತಣ್ಣಗಿರಲಿ ತಂದೆ.